ಬೆಳೆ ವಿಮೆ: ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ?

ಜುಲೈ ತಿಂಗಳಲ್ಲಿ ಯಾವುದೇ ಹೋಬಳಿಯ ಗ್ರಾಮ ಒನ್ ಕೇಂದ್ರದ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಇನ್ಶೂರೆನ್ಸ್ ಕಟ್ಟಿದ್ರಾ?’ ಆಧಾರ್, ಪಹಣಿ, ಪಾಸ್‌ಬುಕ್, ಫ್ರೂಟ್ಸ್ ಐಡಿ ಎಲ್ಲ ಒಪ್ಪಿಸಿ ಕಂತು ಕಟ್ಟಿದ ಮೇಲೆ ರೈತನ ಕೈಗೆ ಒಂದು ಹಾಳೆ ಬರುತ್ತದೆ. ಅರ್ಜಿ ಸಂಖ್ಯೆ, ಸರ್ವೆ ನಂಬರು, ಬೆಳೆಯ ಹೆಸರು, ಎಕರೆ ಗುಂಟೆ, ವಿಮಾ ಮೊತ್ತ, ಕಟ್ಟಿದ ಹಣ ಎಲ್ಲ ಅದರಲ್ಲಿರುತ್ತದೆ. ನಾನು ನೋಡಿದ ಯಾವ ರಸೀದಿಯಲ್ಲೂ ಒಂದು ವಿಷಯ ಕಂಡಿಲ್ಲ. ಈ ಹಣ ಯಾವ ನಷ್ಟಕ್ಕೆ ಆಗಿಬರುತ್ತದೆ, ಯಾವುದಕ್ಕೆ ಬರುವುದಿಲ್ಲ?

ಕೇಂದ್ರದಲ್ಲಿ ಕೂತ ಹುಡುಗನನ್ನು ಕೇಳಿದರೆ ‘ಬೆಳೆ ಹೋದ್ರೆ ಬರ್ತದೆ ಯಜಮಾನ್ರೇ’ ಅನ್ನುತ್ತಾನೆ. ಅವನ ತಪ್ಪೇನಿಲ್ಲ, ಅವನಿಗೆ ಹೇಳಿಕೊಟ್ಟವರೂ ಅಷ್ಟೇ ಹೇಳಿದ್ದಾರೆ. ಆದರೆ ಆ ನಾಲ್ಕು ಪದಗಳಿಗೂ ಕರಾರಿನಲ್ಲಿ ಬರೆದಿರುವುದಕ್ಕೂ ನಡುವೆ ಇರುವ ಅಂತರದಲ್ಲೇ ಪ್ರತಿ ವರ್ಷ ಸಾವಿರಾರು ರೈತರು ಬಿದ್ದು ಒದ್ದಾಡುತ್ತಾರೆ.

ನಮ್ಮ ರಾಜ್ಯದಲ್ಲಿ ‘ಕರ್ನಾಟಕ ರೈತ ಸುರಕ್ಷಾ’ ಎಂಬ ಹೆಸರು ಹೊತ್ತ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಯಲ್ಲಿದೆ. ಆಹಾರ ಧಾನ್ಯ, ಎಣ್ಣೆಕಾಳುಗಳಿಗೆ ಮುಂಗಾರಿನಲ್ಲಿ ವಿಮಾ ಮೊತ್ತದ ಶೇ 2, ಹಿಂಗಾರಿನಲ್ಲಿ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5, ಇಷ್ಟು ರೈತರ ಕಂತು. ಮಿಕ್ಕದ್ದನ್ನು ಕೇಂದ್ರ ಮತ್ತು ರಾಜ್ಯ ತುಂಬುತ್ತವೆ. ಈ ಸಂಗತಿ ಎಲ್ಲ ಭಿತ್ತಿಪತ್ರದಲ್ಲೂ ಇದೆ. ಭಿತ್ತಿಪತ್ರದಲ್ಲಿ ಇಲ್ಲದ್ದು ವ್ಯಾಪ್ತಿ. ಕೇಂದ್ರ ಒಂದು ಮಾರ್ಗಸೂಚಿ ಕೊಡುತ್ತದೆ, ಅದರಲ್ಲಿ ಯಾವ ಬೆಳೆ, ಯಾವ ಊರು, ಯಾವ ಹೆಚ್ಚುವರಿ ರಕ್ಷಣೆ ಬೇಕು ಎಂದು ರಾಜ್ಯ ಆಯ್ದು ಅಧಿಸೂಚನೆ ಹೊರಡಿಸುತ್ತದೆ, ಜಿಲ್ಲೆಗಳನ್ನು ಗುಂಪು ಮಾಡಿ ಟೆಂಡರ್ ಕರೆದು ಕಂಪನಿಯೊಂದಿಗೆ ಕರಾರು ಮಾಡಿಕೊಳ್ಳುತ್ತದೆ. ವ್ಯಾಪ್ತಿ ತೀರ್ಮಾನವಾಗುವುದು ಆ ಮೇಜಿನ ಮೇಲೆ. ದುಡ್ಡು ಕಟ್ಟುವ, ನಷ್ಟ ಅನುಭವಿಸುವ ರೈತ ಆ ಮೇಜಿನ ಹತ್ತಿರ ಎಲ್ಲೂ ಇಲ್ಲ. ಅವನಿಗೆ ಸಿಗುವುದು ಕೊನೆಯ ಹಾಳೆ, ಅದರಲ್ಲಿ ವ್ಯಾಪ್ತಿಯ ಮಾತೇ ಇಲ್ಲ.

ಮೊದಲನೆಯ ತಪ್ಪು ತಿಳಿವಳಿಕೆ ‘ನನ್ನ ಹೊಲ’ ಎಂಬಲ್ಲೇ ಇದೆ. ಮುಖ್ಯ ಬೆಳೆಗಳಿಗೆ ವಿಮಾ ಘಟಕ ಗ್ರಾಮ ಪಂಚಾಯಿತಿ, ಸಣ್ಣ ಪ್ರಮಾಣದ ಬೆಳೆಗಳಿಗೆ ಹೋಬಳಿ. ವಿಮೆಯ ಕಣ್ಣಿಗೆ ನಿಮ್ಮ ಎರಡೆಕರೆ ಪ್ರತ್ಯೇಕವಾಗಿ ಕಾಣುವುದಿಲ್ಲ, ಇಡೀ ಪಂಚಾಯಿತಿ ಒಂದೇ ಹೊಲ. ಆ ದೊಡ್ಡ ಹೊಲದ ಇಳುವರಿಯನ್ನು ಬೆಳೆ ಕಟಾವು ಪ್ರಯೋಗದಿಂದ ಗೊತ್ತು ಮಾಡುತ್ತಾರೆ. ಒಂದು ಪಂಚಾಯಿತಿಯ ಒಂದು ಮುಖ್ಯ ಬೆಳೆಗೆ ನಾಲ್ಕು ಪ್ರಯೋಗ. ಮೊದಲೇ ಆರಿಸಿದ ಸರ್ವೆ ನಂಬರಿಗೆ ಸಿಬ್ಬಂದಿ ಬರುತ್ತಾರೆ, ರಾಗಿ ಭತ್ತದಂಥ ಬೆಳೆಯಾದರೆ ಹೊಲದೊಳಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲಕ್ಕೆ ಗೂಟ ನೆಟ್ಟು ಹಗ್ಗ ಎಳೆಯುತ್ತಾರೆ. ಹಗ್ಗದೊಳಗಿನ ತೆನೆಯನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗಿ, ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಾರೆ. ಅಲ್ಲಿಂದ ಬಂದ ಸರಾಸರಿಯನ್ನು ಆ ಪಂಚಾಯಿತಿಯ ಖಾತರಿ ಇಳುವರಿಯ ಪಕ್ಕದಲ್ಲಿ ಇಡುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿ ಹಿಡಿದು, ಅದರ ಶೇ 70, 80 ಅಥವಾ 90ರಷ್ಟನ್ನು ಖಾತರಿ ಎಂದು ನಿಗದಿ ಮಾಡಿರುತ್ತಾರೆ.

ಖಾತರಿ ಇಳುವರಿ ಹೆಕ್ಟೇರಿಗೆ ಹತ್ತು ಕ್ವಿಂಟಲ್ ಇದ್ದು, ಈ ವರ್ಷದ ಸರಾಸರಿ ಏಳು ಬಂತು ಅಂದುಕೊಳ್ಳಿ. ಕೊರತೆ ಶೇ 30, ಹಾಗಾಗಿ ಆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಕಟ್ಟಿದವರಿಗೆಲ್ಲ ವಿಮಾ ಮೊತ್ತದ ಶೇ 30. ನಿಮ್ಮ ಹೊಲದಲ್ಲಿ ಒಂದು ಹಿಡಿ ಕಾಳೂ ಸಿಗಲಿಲ್ಲವೋ, ಆಗಲೂ ಶೇ 30. ಸರಾಸರಿ ಹತ್ತು ದಾಟಿತೋ, ನಿಮ್ಮ ಹೊಲ ಪೂರಾ ಒಣಗಿ ನಿಂತಿದ್ದರೂ ಸೊನ್ನೆ. ‘ಪಕ್ಕದ ಪಂಚಾಯ್ತಿಗೆ ಬಂತು, ನಮಗೆ ಬರಲಿಲ್ಲ’ ಎಂದು ಪ್ರತಿ ವರ್ಷ ಏಳುವ ಗಲಾಟೆಯ ಬೇರು ಇಲ್ಲಿದೆ. ಹಳ್ಳದ ಆಚೆ ಒಂದು ಲೆಕ್ಕ, ಈಚೆ ಇನ್ನೊಂದು.

ಪ್ರದೇಶವಾರು ಲೆಕ್ಕ ಹಾಕುವುದೇ ಅನ್ಯಾಯ ಎಂದು ನಾನು ಹೇಳುವುದಿಲ್ಲ. ಮನೆ ಮನೆಗೆ, ಹೊಲ ಹೊಲಕ್ಕೆ ಹೋಗಿ ನಷ್ಟ ಅಳೆಯಲು ಹೊರಟರೆ ಯಾವ ವಿಮೆಯೂ ಉಳಿಯುವುದಿಲ್ಲ. ಈ ಮಾತನ್ನು ಮೊದಲು ಸ್ಪಷ್ಟವಾಗಿ ಕಂಡವರು ನಮ್ಮವರೇ. ಮೈಸೂರು ಸಂಸ್ಥಾನದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ಕೃಷಿ ವಿಮೆಯ ಬಗ್ಗೆ ಒಂದು ಪುಸ್ತಕ ಬರೆದು, ಒಂದು ಪ್ರದೇಶದ ಮಳೆಯ ಲೆಕ್ಕ ಹಿಡಿದು ಬರಗಾಲದ ಪರಿಹಾರ ಕೊಡುವ ಯೋಜನೆ ಮುಂದಿಟ್ಟಿದ್ದರು. ಸ್ವತಂತ್ರ ಭಾರತದ ಸಮಗ್ರ ಬೆಳೆ ವಿಮೆ ಬಂದದ್ದು 1985ರಲ್ಲಿ, ಅಂದರೆ ಅವರ ಪುಸ್ತಕ ಬಂದು ಅರವತ್ತೈದು ವರ್ಷಗಳ ನಂತರ. ಮಳೆ ಆಧಾರಿತ ವಿಮೆಯನ್ನು ಈಗ ಜಗತ್ತಿನಾದ್ಯಂತ ಹೊಸ ವಿಚಾರವೆಂಬಂತೆ ಚರ್ಚಿಸುತ್ತಾರೆ. ನಮ್ಮ ಕೃಷಿ ಕಾಲೇಜುಗಳಲ್ಲಿ ಚಕ್ರವರ್ತಿಯವರ ಹೆಸರು ಇನ್ನಷ್ಟು ಕೇಳಬೇಕಿತ್ತು. ಇರಲಿ. ಪ್ರದೇಶವಾರು ಲೆಕ್ಕ ಸರಿಯೇ ಇರಬಹುದು, ಅದನ್ನು ಕಂತು ಕಟ್ಟಿಸಿಕೊಳ್ಳುವ ಮುಂಚೆ ಹೇಳದೆ ಇರುವುದು ಸರಿಯಲ್ಲ.

ಒಬ್ಬನೇ ರೈತನ ಹೊಲ ನೋಡಿ ಪರಿಹಾರ ಕೊಡುವ ಬಾಗಿಲೂ ಈ ಯೋಜನೆಯಲ್ಲಿ ಉಂಟು. ಸ್ಥಳೀಯ ವಿಕೋಪ ಎಂದು ಅದಕ್ಕೆ ಹೆಸರು. ಆಲಿಕಲ್ಲು, ಭೂಕುಸಿತ, ಜಲಾವೃತ, ಮೇಘಸ್ಫೋಟ, ಸಿಡಿಲಿನಿಂದ ಹತ್ತಿದ ಬೆಂಕಿ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬರೀ ಗಾಳಿ ಇದರಲ್ಲಿಲ್ಲ. ದಾವಣಗೆರೆ, ಹಾವೇರಿ ಕಡೆ ಆಳೆತ್ತರ ಬೆಳೆದ ಮೆಕ್ಕೆಜೋಳ ಒಂದು ರಾತ್ರಿಯ ಬಿರುಗಾಳಿಗೆ ಚಾಪೆಯಂತೆ ಮಲಗುತ್ತದೆ. ಬೆಳಿಗ್ಗೆ ರೈತ ಫೋಟೊ ತೆಗೆದು ದೂರು ಕೊಡುತ್ತಾನೆ. ಬಿರುಗಾಳಿಯ ಹಾನಿ ಪಂಚಾಯಿತಿಯ ಸರಾಸರಿ ಇಳುವರಿಯಲ್ಲಿ ಲೆಕ್ಕಕ್ಕೆ ಬರಬಹುದು, ಒಬ್ಬನ ಹೊಲದ ದೂರಾಗಿ ನಿಲ್ಲುವುದು ಕಷ್ಟ. ಮೂರು ದಿನ ಅಲೆದಾಡಿದ ಮೇಲೆ ಇದು ಅವನಿಗೆ ಗೊತ್ತಾಗುತ್ತದೆ.

ಮೂರು ದಿನ ಎಂದೆ, ಅದೂ ಕರಾರಿನ ಮಾತೇ. ಸ್ಥಳೀಯ ವಿಕೋಪವಾದ 72 ಗಂಟೆಯೊಳಗೆ ಕಂಪನಿಗೆ, ಬ್ಯಾಂಕಿಗೆ, ಕೃಷಿ ಇಲಾಖೆಗೆ ಅಥವಾ 14447 ಸಹಾಯವಾಣಿಗೆ ತಿಳಿಸಬೇಕು. ಹಾನಿಯಾದದ್ದು ಶನಿವಾರ ರಾತ್ರಿ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಮನೆಯ ಹೆಂಚು ಹಾರಿದೆ, ದನದ ಕೊಟ್ಟಿಗೆ ಬಿದ್ದಿದೆ. ಆ ಮನೆಯವರು ಮೊದಲು ಯಾವ ಕೆಲಸ ಮಾಡಿಯಾರು? ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ.

ಕೊಯ್ಲಿನ ನಂತರದ ನಷ್ಟಕ್ಕೂ ರಕ್ಷಣೆ ಉಂಟು ಎನ್ನುತ್ತಾರೆ. ಉಂಟು ನಿಜ, ಕೊಯ್ದ 14 ದಿನಗಳವರೆಗೆ. ಆದರೆ ಬೆಳೆ ಹೊಲದಲ್ಲೇ ಒಣಗಲು ಹರಡಿಕೊಂಡಿರಬೇಕು ಅಥವಾ ಸಣ್ಣ ಸಣ್ಣ ಕಂತೆಯಾಗಿ ಬಿದ್ದಿರಬೇಕು, ನಷ್ಟ ಚಂಡಮಾರುತ, ಅದರಿಂದ ಬಂದ ಮಳೆ, ಅಕಾಲಿಕ ಮಳೆ ಅಥವಾ ಆಲಿಕಲ್ಲಿನಿಂದ ಆಗಿರಬೇಕು. ಒಂದು ಕಡೆ ರಾಶಿ ಒಟ್ಟಿದ ಬೆಳೆಗೆ ಈ ರಕ್ಷಣೆ ಇಲ್ಲ.

ಇದು ನೆಲದ ಮೇಲೆ ಹೇಗೆ ಕಾಣುತ್ತದೆ ನೋಡಿ. ನವೆಂಬರಿನಲ್ಲಿ ತುಮಕೂರು, ಹಾಸನದ ಕಡೆ ರಾಗಿ ಕುಯ್ಲು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೊದಲ್ಲಿ ಹೇಳುತ್ತಾರೆ. ಅಕ್ಕಪಕ್ಕದ ಎರಡು ಹೊಲ. ಒಬ್ಬರಿಗೆ ಆಳು ಸಿಗಲಿಲ್ಲ, ರಾಗಿ ಅರಿ ಅರಿಯಾಗಿ ಹೊಲದಲ್ಲೇ ಬಿದ್ದಿದೆ. ಇನ್ನೊಬ್ಬರು ಮನೆಮಂದಿಯೆಲ್ಲ ಸೇರಿ ಬೆಳಗಿನಿಂದ ಕತ್ತಲಾಗುವವರೆಗೆ ಕಂತೆ ಕಟ್ಟಿ, ಹೊತ್ತು, ಮೆದೆ ಒಟ್ಟಿದ್ದಾರೆ. ರಾತ್ರಿ ಹಿಡಿದ ಸೋನೆ ಮೂರು ದಿನ ಬಿಡಲಿಲ್ಲ. ಹೊಲದಲ್ಲಿದ್ದ ಅರಿ ಮೊಳಕೆ ಒಡೆಯಿತು, ಮೆದೆಯೊಳಗೂ ನೀರಿಳಿದು ಕಾಳು ಕಪ್ಪಾಯಿತು. ಮೊದಲನೆಯವರ ದೂರಿಗೆ ಕರಾರಿನಲ್ಲಿ ಜಾಗವಿದೆ. ಎಚ್ಚರ ವಹಿಸಿ, ಬೆವರು ಸುರಿಸಿ ಮೆದೆ ಒಟ್ಟಿದವರು ವ್ಯಾಪ್ತಿಯ ಹೊರಗೆ. ಅನುಭವಸ್ಥ ರೈತ ಸಹಜವಾಗಿ ಮಾಡುವ ಕೆಲಸವೇ ಅವನನ್ನು ವಿಮೆಯಿಂದ ಹೊರಗೆ ತಳ್ಳುವುದಾದರೆ, ಆ ಷರತ್ತು ಬರೆದವರು ನಮ್ಮ ಕಣವನ್ನು ನೋಡಿಲ್ಲ ಎಂದೇ ನನ್ನ ಭಾವನೆ. ಈ ಒಂದು ಸಾಲನ್ನು ಬದಲಿಸಲು ರಾಜ್ಯ ಸರ್ಕಾರ ಕೇಂದ್ರದ ಮುಂದೆ ಹಟ ಹಿಡಿಯಬೇಕು.

ಸಾಲುಗಳು ಬದಲಾಗುವುದಿಲ್ಲ ಎಂದೇನಿಲ್ಲ. 2018ರಲ್ಲಿ ಭತ್ತದ ಗದ್ದೆಗೆ ನೀರು ನುಗ್ಗಿ ಆಗುವ ನಷ್ಟವನ್ನು ಸ್ಥಳೀಯ ವಿಕೋಪದ ವ್ಯಾಪ್ತಿಯಿಂದ ತೆಗೆದುಹಾಕಿದರು. ಭತ್ತ ನೀರಿನ ಬೆಳೆ, ನೀರು ನಿಂತರೆ ನಷ್ಟವೆಂದು ಅಳೆಯುವುದು ಹೇಗೆ ಎಂಬುದು ತರ್ಕ. ಯೋಜನೆಯ ಹೆಸರು ಅದೇ ಇತ್ತು, ಕಂತೂ ಅದೇ ಇತ್ತು. ಕರಾವಳಿಯ ಹೊಳೆಬದಿಯ ಗದ್ದೆಗಳಲ್ಲಿ, ವರದೆ ಉಕ್ಕಿದಾಗ ಮುಳುಗುವ ಬಯಲುಗಳಲ್ಲಿ, ವಾರಗಟ್ಟಲೆ ಕೆಂಪು ನೀರಿನಡಿ ಕೊಳೆತ ಸಸಿಗಳನ್ನು ನೋಡಿದವರಿಗೆ ಆ ತರ್ಕ ಒಪ್ಪುವಂಥದ್ದಲ್ಲ. 2025ರ ನವೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಅದನ್ನು ಮತ್ತೆ ಸೇರಿಸುವುದಾಗಿ ಪ್ರಕಟಿಸಿತು. ಅದೇ ಪ್ರಕಟಣೆಯಲ್ಲಿ, ಅಲ್ಲಿಯವರೆಗೆ ಬಹುತೇಕ ಹೊರಗೇ ಉಳಿದಿದ್ದ ಕಾಡುಪ್ರಾಣಿಗಳ ಹಾವಳಿಯನ್ನೂ 2026ರ ಮುಂಗಾರಿನಿಂದ ವ್ಯಾಪ್ತಿಗೆ ತರುವುದಾಗಿ ಹೇಳಿತು.

ಸುದ್ದಿ ಕೇಳಿ ಸಕಲೇಶಪುರ, ಆಲೂರು, ಕೊಡಗು, ಹನೂರಿನ ರೈತರು ನೆಮ್ಮದಿಯ ನಿಟ್ಟುಸಿರು ಬಿಟ್ಟಿರಬಹುದು. ಆದರೆ ಇಲ್ಲೂ ವಿವರ ನೋಡಬೇಕು. ಇದು ಹೆಚ್ಚುವರಿ ರಕ್ಷಣೆ, ರಾಜ್ಯಗಳ ಅಧಿಸೂಚನೆ ಬೇಕು. ಯಾವ ಪ್ರಾಣಿ, ಯಾವ ಜಿಲ್ಲೆ ಅಥವಾ ಯಾವ ಘಟಕ ಎಂಬ ಪಟ್ಟಿಯನ್ನು ಹಿಂದಿನ ಹಾನಿಯ ದಾಖಲೆ ನೋಡಿ ರಾಜ್ಯವೇ ಮಾಡಬೇಕು. 72 ಗಂಟೆಯೊಳಗೆ ಸ್ಥಳದ ಗುರುತಿರುವ ಫೋಟೊ ಆ್ಯಪಿಗೆ ಹಾಕಬೇಕು. ಆನೆ, ಕಾಡುಹಂದಿ, ಮಂಗ ಎಲ್ಲರಿಗೂ ನೆನಪಾಗುತ್ತವೆ. ಗದಗ, ಹಾವೇರಿಯ ಎರೆಭೂಮಿಯಲ್ಲಿ ಎಳೆ ಪೈರು ಮೇಯುವ ಕೃಷ್ಣಮೃಗ ಪಟ್ಟಿಯಲ್ಲಿ ಇರಬೇಕಲ್ಲವೆ? ಬಿತ್ತಿದ ಕಾಳನ್ನೇ ಕೆದಕುವ ನವಿಲು? ದಾಖಲೆ ಇದ್ದ ಕಡೆ ಮಾತ್ರ ರಕ್ಷಣೆ ಎಂದಾದರೆ, ಇಷ್ಟು ದಿನ ದೂರು ಕೊಟ್ಟು ಪ್ರಯೋಜನವಿಲ್ಲ ಎಂದು ಸುಮ್ಮನಿದ್ದ ಊರುಗಳಿಗೆ ದಾಖಲೆ ಎಲ್ಲಿಂದ ಬರುತ್ತದೆ? ಆ ಊರಿನವರು ಈಗಲಾದರೂ ಅರಣ್ಯ ಇಲಾಖೆಗೆ, ಕೃಷಿ ಇಲಾಖೆಗೆ ಪ್ರತಿ ಹಾನಿಯನ್ನೂ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಗ್ರಾಮಸಭೆ ಒಂದು ನಿರ್ಣಯ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು.

ಅಡಿಕೆ ಬೆಳೆಗಾರರ ಕಥೆ ಬೇರೆ. ಅಡಿಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ಈಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, 6,400 ರೂಪಾಯಿ ಕಂತು. ಕಾಳುಮೆಣಸಿಗೆ 47,000ಕ್ಕೆ 2,350. ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರು ಕಡೆ ಬಹಳ ಮಂದಿ ಇದನ್ನು ಕೊಳೆ ರೋಗದ ವಿಮೆ ಎಂದೇ ತಿಳಿದಿದ್ದಾರೆ. ಕರಾರು ನಿಮ್ಮ ತೋಟಕ್ಕೆ ಕಾಲಿಡುವುದೇ ಇಲ್ಲ. ಅದು ನೋಡುವುದು ಮುಖ್ಯವಾಗಿ ಪಂಚಾಯಿತಿಯ ಮಳೆ ಮಾಪಕವನ್ನು. ಇಷ್ಟು ದಿನ ಬಿಡದೆ ಇಷ್ಟು ಮಿಲಿಮೀಟರ್ ಮಳೆ ಬಿದ್ದರೆ ಇಷ್ಟು ಹಣ, ಅಷ್ಟೇ. ಮರ ಹತ್ತುವ ಕೊನೆಗೌಡ ಸಿಗದೆ ಬೋರ್ಡೋ ದ್ರಾವಣ ಹೊಡೆಸಲಾಗದೆ ಅರ್ಧ ತೋಟ ಕೊಳೆತು ಉದುರಿದರೂ, ಮಾಪಕದ ಅಂಕಿ ಗೆರೆ ದಾಟದಿದ್ದರೆ ಕೈಗೆ ಏನೂ ಬರುವುದಿಲ್ಲ. ತೋಟದಲ್ಲಿ ಒಂದು ಕಾಯಿ ಉದುರದಿದ್ದರೂ ಅಂಕಿ ಗೆರೆ ದಾಟಿದರೆ ಹಣ ಬರುತ್ತದೆ.

ಹಾಗಾದರೆ ಈ ಕರಾರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಮಾಪಕ. ಅದು ಎಲ್ಲಿದೆ, ನಡೆಯುತ್ತಿದೆಯೇ, ಕೆಟ್ಟ ದಿನಗಳಲ್ಲಿ ಯಾವ ಪಕ್ಕದ ಕೇಂದ್ರದ ಅಂಕಿ ತೆಗೆದುಕೊಳ್ಳುತ್ತಾರೆ ಎನ್ನುವುದು ಬೆಳೆಗಾರನಿಗೆ ಕಂತು ಕಟ್ಟುವ ದಿನವೇ ಗೊತ್ತಿರಬೇಕು. ಘಟ್ಟದ ಮೇಲೆ ಒಂದು ಗುಡ್ಡದ ಆಚೆ ಈಚೆ ಮಳೆ ಅರ್ಧಕ್ಕರ್ಧ ವ್ಯತ್ಯಾಸವಾಗುವ ಸೀಮೆಯಲ್ಲಿ ಪಕ್ಕದ ಕೇಂದ್ರದ ಅಂಕಿ ಎಂದರೆ ಬೇರೆಯದೇ ಊರಿನ ಮಳೆ. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಈ ಮಾಪಕಗಳ ಬಗ್ಗೆ ಎದ್ದಿರುವ ದೂರುಗಳನ್ನು ತಾಂತ್ರಿಕ ತೊಂದರೆ ಎಂದು ತಳ್ಳಿಹಾಕುವುದು ತಪ್ಪು. ಮಾಪಕ ಕೆಟ್ಟರೆ ಪಾಲಿಸಿಯೇ ಕೆಟ್ಟಂತೆ.

ಇನ್ನು ಬೆಳೆಯ ಹೆಸರಿನ ತಕರಾರು. ವಿಮೆಗೆ ಬರೆಸಿದ ಬೆಳೆಗೂ ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ದಾಖಲಾದ ಬೆಳೆಗೂ ತಾಳೆಯಾಗದಿದ್ದರೆ ಪರಿಹಾರ ತಡೆಹಿಡಿಯುತ್ತಾರೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ ಬಿತ್ತುವುದು ನಮ್ಮ ಅಜ್ಜಂದಿರ ಕಾಲದ ಪದ್ಧತಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕಾಯುತ್ತದೆ ಎಂಬ ಲೆಕ್ಕ ಅದು, ನಮ್ಮ ರೈತರು ತಾವೇ ಕಟ್ಟಿಕೊಂಡ ವಿಮೆ. ಸಮೀಕ್ಷೆಗೆ ಬಂದವರು ತೊಗರಿ ಎಂದು ಒತ್ತಿಬಿಟ್ಟರೆ ರಾಗಿಯ ವಿಮೆ ತಕರಾರಿಗೆ ಬೀಳುತ್ತದೆ. ಸಮೀಕ್ಷೆಯ ದಾಖಲೆಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ, ಆದರೆ ಅದಕ್ಕೊಂದು ಗಡುವಿದೆ ಎಂದು ತಿಳಿದವರು ಕಡಿಮೆ.

ಸಾಲ ಪಡೆದವರಿಗೆ ಒಂದು ಮಾತು. 2020ರ ಮುಂಗಾರಿನಿಂದ ಈ ವಿಮೆ ಅವರಿಗೂ ಕಡ್ಡಾಯವಲ್ಲ. ಬೇಡವೆಂದರೆ ಕೊನೆಯ ದಿನಕ್ಕೆ ಏಳು ದಿನ ಮುಂಚೆ ಬ್ಯಾಂಕಿಗೆ ಬರೆದು ಕೊಡಬೇಕು, ಕೊಡದಿದ್ದರೆ ಖಾತೆಯಿಂದ ಕಂತು ಕಡಿತವಾಗುತ್ತದೆ. ಬ್ಯಾಂಕಿನವರು ಬೆಳೆ ಅಥವಾ ಊರಿನ ಹೆಸರು ತಪ್ಪಾಗಿ ಏರಿಸಿ ಪರಿಹಾರ ತಪ್ಪಿದರೆ ಹೊಣೆ ಬ್ಯಾಂಕಿನದು ಎಂದು ಮಾರ್ಗಸೂಚಿಯೇ ಹೇಳುತ್ತದೆ. ಇದನ್ನು ಕೇಳಲು ಹಿಂಜರಿಯಬೇಡಿ.

ವಿಮೆಯ ಕರಾರಿನಲ್ಲಿ ಗೊಂದಲವಿದ್ದರೆ ಅದನ್ನು ಬರೆದ ಕಂಪನಿಯ ವಿರುದ್ಧವಾಗಿ ಅರ್ಥೈಸಬೇಕು ಎಂದು ಸುಪ್ರೀಂ ಕೋರ್ಟ್ 1966ರ ಚಂದೂಮಲ್ ಜೈನ್ ಪ್ರಕರಣದಲ್ಲೇ ಹೇಳಿದೆ. 2022ರ ನವೆಂಬರಿನ ಟೆಕ್ಸ್ಕೋ ಮಾರ್ಕೆಟಿಂಗ್ ತೀರ್ಪು ಇನ್ನೂ ಸ್ಪಷ್ಟ. ನೆಲಮಾಳಿಗೆಯಲ್ಲಿದ್ದ ಅಂಗಡಿಗೆ ಬೆಂಕಿ ವಿಮೆ ಮಾಡಿಸಿದ್ದರು, ಅಂಗಡಿ ಎಲ್ಲಿದೆ ಎಂಬುದು ಕಂಪನಿಗೂ ಗೊತ್ತಿತ್ತು. ಬೆಂಕಿ ಬಿದ್ದ ಮೇಲೆ, ನೆಲಮಾಳಿಗೆ ನಮ್ಮ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಒಂದು ಷರತ್ತು ತೋರಿಸಿದರು. ಕರಾರಿನ ಉದ್ದೇಶವನ್ನೇ ಬುಡಮೇಲು ಮಾಡುವ ಇಂಥ ಷರತ್ತು ಅನ್ಯಾಯದ್ದು, ಹೊರಗಿಟ್ಟ ಸಂಗತಿಯನ್ನು ವಿಮೆ ಮಾಡಿಸುವವರಿಗೆ ತಿಳಿಸುವುದು ಕಂಪನಿಯ ಕರ್ತವ್ಯ ಎಂದು ಕೋರ್ಟ್ ಹೇಳಿತು. ಬೆಳೆ ವಿಮೆ ಸರ್ಕಾರಿ ಯೋಜನೆ, ಅದರ ನಿಯಮಗಳು ಬೇರೆ. ಆದರೂ ದುಡ್ಡು ತೆಗೆದುಕೊಳ್ಳುವ ಮುಂಚೆ ಹೇಳಬೇಕು ಎಂಬ ತತ್ವ ವರ್ತಕನಿಗೆ ಸಲ್ಲುವುದಾದರೆ ರೈತನಿಗೆ ಏಕೆ ಸಲ್ಲಬಾರದು? ಎರಡೆಕರೆಯವನು ಇದಕ್ಕಾಗಿ ದೆಹಲಿಯವರೆಗೆ ಹೋಗಬೇಕಾದ ಪರಿಸ್ಥಿತಿ ಬರಬಾರದು.

ಬೇಕಾಗಿರುವುದು ರಸೀದಿಯ ಹಿಂಬದಿಯಲ್ಲಿ ಕನ್ನಡದ ಹತ್ತು ಸಾಲು. ನಿಮ್ಮ ವಿಮಾ ಘಟಕ ಇಂಥ ಪಂಚಾಯಿತಿ, ಇಂಥ ಬೆಳೆಗೆ ಅಲ್ಲಿನ ಖಾತರಿ ಇಳುವರಿ ಇಷ್ಟು. ನಿಮ್ಮ ಹೊಲವನ್ನು ಪ್ರತ್ಯೇಕವಾಗಿ ನೋಡುವುದು ಇಂಥಿಂಥ ಹಾನಿಗೆ ಮಾತ್ರ. ಇವುಗಳಿಗೆ ಪರಿಹಾರ ಇಲ್ಲ. ಹವಾಮಾನ ವಿಮೆಯಾದರೆ ಇಂಥಲ್ಲಿರುವ ಮಳೆ ಮಾಪಕ, ಅದು ಕೆಟ್ಟರೆ ಇಂಥ ಕೇಂದ್ರ. ದೂರಿಗೆ ಈ ನಂಬರು, ಇಷ್ಟು ಗಂಟೆಯೊಳಗೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಸರ್ವೆ ನಂಬರು, ಪಂಚಾಯಿತಿ, ಬೆಳೆ ಎಲ್ಲ ನಮ್ಮ ರಾಜ್ಯದ ಸಂರಕ್ಷಣೆ ಪೋರ್ಟಲಿನಲ್ಲಿ ಆಗಲೇ ಇವೆ, ಅಧಿಸೂಚನೆಯೂ ಸರ್ಕಾರದ ಬಳಿಯೇ ಇದೆ. ಎರಡನ್ನೂ ಜೋಡಿಸಿ ಮುದ್ರಿಸುವ ಕೆಲಸ ಅಷ್ಟೇ. ಪಾಲಿಸಿ ಪತ್ರವನ್ನು ರೈತರ ಕೈಗೇ ತಲುಪಿಸುವ ಅಭಿಯಾನವನ್ನು ಕೇಂದ್ರ ಸರ್ಕಾರ 2022ರಲ್ಲೇ ಆರಂಭಿಸಿತ್ತು. ಆ ಪತ್ರದಲ್ಲಿ ‘ಇಲ್ಲ’ ಎಂಬ ಭಾಗವೂ ‘ಉಂಟು’ ಎಂಬಷ್ಟೇ ದಪ್ಪ ಅಕ್ಷರದಲ್ಲಿ ಇರಲಿ.

ಕೃಷಿ ಇಲಾಖೆ ಇದನ್ನು ಮುಂದಿನ ಹಂಗಾಮಿಗೆ ಮುಂಚೆ ಮಾಡಲಿ. ಅಲ್ಲಿಯವರೆಗೆ ಕಂತು ಕಟ್ಟುವವರು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತಮ್ಮ ಜಿಲ್ಲೆಯ ಅಧಿಸೂಚನೆಯ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅದರಲ್ಲಿ ಯಾವ ಹೆಚ್ಚುವರಿ ರಕ್ಷಣೆಯನ್ನು ರಾಜ್ಯ ಆಯ್ದುಕೊಂಡಿದೆ ಎಂಬ ಪುಟವನ್ನು ಪಂಚಾಯಿತಿ ಸದಸ್ಯರ ಕೈಯಲ್ಲಿ ಕೊಟ್ಟು, ಕಂತಿನ ಕೊನೆಯ ದಿನಕ್ಕೆ ಮುಂಚೆ ಊರಿನಲ್ಲಿ ಎಲ್ಲರಿಗೂ ಕೇಳುವಂತೆ ಓದಿಸಿ.